ಕಂದು ಚುಕ್ಕೆಗಳೂ ನಾನೂ

ನಾನೊಂದು ಲಿಪ್‌ಸ್ಟಿಕ್. ಇಟ್ಟಿಗೆಗೆಂಪು ಬಣ್ಣ. ಮೇಣ, ಎಣ್ಣೆ ಕಾಯಿಸಿ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದರಂತೆ, ನನಗಂತೂ ನೆನಪಿಲ್ಲ. ಬುದ್ಧಿ ಬಂದದ್ದು ಚಿತ್ರದುರ್ಗದ ಒಂದು ಫ್ಯಾನ್ಸಿ ಸ್ಟೋರಿನಲ್ಲಿ. ನಾಲ್ಕು ಜನ ನೋಡಲಿ ಅಂತಲೇ ಹುಟ್ಟಿದವಳು ನಾನು ಎಂದು ಬೀಗುತ್ತಿದ್ದೆ. ಆದರೆ ಗಿರಿಜಮ್ಮ ಬಂದು ಕೇಳಿದ್ದೇ ಬೇರೆ. ಮಗಳ ತುಟಿ ಮೇಲೆ ಚುಕ್ಕೆಗಳಿವೆ, ಅವು ಕಾಣಬಾರದು, ಅಂಥದ್ದು ಕೊಡಿ ಅಂದಳು. ನನ್ನನ್ನು ಕೊಳ್ಳುವುದು ತೋರಿಸುವುದಕ್ಕೋ, ಮುಚ್ಚುವುದಕ್ಕೋ? ಅಲ್ಲಿಂದಲೇ ನನ್ನ ತಲೆ ಕೆಟ್ಟಿತು.

ಮಗಳು ತೇಜಸ್ವಿನಿ, ಕಾನ್ವೆಂಟಿನಲ್ಲಿ ಗಣಿತದ ಮಿಸ್. ತುಟಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ನನಗೇನೋ ಚೆನ್ನಾಗಿಯೇ ಕಂಡವು. ಅವಳ ಅಪ್ಪನಿಗೂ ಇದ್ದವಂತೆ. ಅವರು ಸಣ್ಣ ಕರುಳಿನ ಕ್ಯಾನ್ಸರಿನಿಂದ ನಲವತ್ತಾರಕ್ಕೇ ಹೋದರು. ಇದು ವಂಶದಲ್ಲಿ ಬರುವ ಕಾಯಿಲೆ, ಈ ಚುಕ್ಕೆಗಳೇ ಅದರ ಗುರುತು, ಮಗಳ ಕರುಳಿನಲ್ಲೂ ಗಂಟುಗಳು ಬೆಳೆಯಬಹುದು, ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರು ಆಗಲೇ ಹೇಳಿದ್ದರು.

ಗಿರಿಜಮ್ಮ ಬೇಡ ಅನ್ನಲಿಲ್ಲ. ಮದುವೆಯೊಂದು ಆಗಿಹೋಗಲಿ ಅಂದಳು. ವಿಷಯ ಊರಿಗೆಲ್ಲ ಗೊತ್ತಾದರೆ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಅದರಲ್ಲಿ ನಾನು ಎಷ್ಟನೆಯ ಸುಳ್ಳೋ. ಗಂಡಿನ ಕಡೆಯವರು ಬಂದಾಗಲೆಲ್ಲ ನನ್ನನ್ನು ದಪ್ಪಗೆ ಬಳಿದರು. ಹೀಗೇ ಎರಡು ವರ್ಷ ಹೋಯಿತು. ತೇಜಸ್ವಿನಿಗೆ ಆಗಾಗ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಗ್ಯಾಸು ಅಂತ ಇಂಗು ಹಾಕಿದ ಮಜ್ಜಿಗೆ ಕೊಡುತ್ತಿದ್ದಳು ತಾಯಿ. ಮಗಳೆಂದರೆ ಅವಳಿಗೆ ಪ್ರಾಣ. ಮತ್ತೆ ಹೀಗೇಕೆ? ಅಯ್ಯೋ ಶಿವನೇ, ನನಗಂತೂ ಅರ್ಥವಾಗಲಿಲ್ಲ.

ಹಿರಿಯೂರಿನಿಂದ ಒಂದು ಸಂಬಂಧ ಬಂತು. ಮಾತೆಲ್ಲ ಕೂಡಿಬರುವ ಹಾಗಿತ್ತು. ತೇಜಸ್ವಿನಿಯೂ ಎಲ್ಲರ ಜೊತೆ ಕಾಫಿ ಕುಡಿದಳು. ತುಟಿಯ ಬಣ್ಣ ಅರ್ಧಕ್ಕರ್ಧ ಲೋಟದ ಅಂಚಿಗೆ ಹತ್ತಿತು. ಗಂಡಿನ ತಾಯಿಯ ಕಣ್ಣು ಚುಕ್ಕೆಗಳ ಮೇಲೇ ನಿಂತಿತು. ಒಳಗೆ ಹೋಗು ಎಂದು ಗಿರಿಜಮ್ಮ ಸನ್ನೆ ಮಾಡಿದಳು. ತೇಜಸ್ವಿನಿ ಕೋಣೆಗೆ ಬಂದು ನನ್ನ ಮುಚ್ಚಳ ತೆಗೆದಳು, ಕನ್ನಡಿಯ ಮುಂದೆ ನಿಂತೇ ಇದ್ದಳು. ಬೇಗ ಹಚ್ಚಿಕೊಳ್ಳಬಾರದೇ ಎಂದು ನನಗೇ ತಳಮಳ. ಅವಳು ಉಳಿದ ಬಣ್ಣವನ್ನೂ ಸೆರಗಿನಿಂದ ಒರೆಸಿಕೊಂಡು, ನನ್ನನ್ನು ಕೈಯಲ್ಲಿ ಹಿಡಿದೇ ಹೊರಗೆ ಹೋದಳು.

“ಈ ಚುಕ್ಕೆಗಳು ನಮ್ಮಪ್ಪನಿಗೂ ಇದ್ವು ಆಂಟಿ,” ಅಂದಳು. “ಕರುಳಿನ ಕ್ಯಾನ್ಸರಲ್ಲಿ ತೀರಿಕೊಂಡ್ರು. ನನಗೂ ಬರಬಹುದು. ಸೋಮವಾರ ಪರೀಕ್ಷೆಗೆ ಹೋಗ್ತೀನಿ.”

ಊರಿಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಅವರು ಎದ್ದರು. ಫೋನ್ ಬರಲಿಲ್ಲ. ಗಿರಿಜಮ್ಮ ಎರಡು ದಿನ ಮಗಳೊಡನೆ ಮಾತು ಬಿಟ್ಟಳು. ಆದರೂ ಸೋಮವಾರ ಬಸ್‌ಸ್ಟ್ಯಾಂಡಿಗೆ ಮುಂದೆ ಮುಂದೆ ನಡೆದವಳು ಅವಳೇ.

ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ನನ್ನಷ್ಟೇ ದಪ್ಪದ ಮಾತ್ರೆಯೊಂದನ್ನು ನುಂಗಿಸಿದರು. ಒಳಗೆ ಕ್ಯಾಮೆರಾ ಇತ್ತಂತೆ, ಕರುಳಿನುದ್ದಕ್ಕೂ ಫೋಟೋ ತೆಗೆಯುತ್ತಾ ಹೋಯಿತಂತೆ. ಮೂರು ಗಂಟುಗಳು ಸಿಕ್ಕವು. ದೊಡ್ಡದು ಆಗಲೇ ಕೆಡಲು ಶುರುವಾಗಿತ್ತು. ಬಾಯಿಯಿಂದ ಉದ್ದದ ಕೊಳವೆ ಇಳಿಸಿ ಮೂರನ್ನೂ ತೆಗೆದರು. ಇನ್ನೂ ತಡಮಾಡಿದ್ದರೆ ಅಪ್ಪನ ದಾರಿಯೇ ಆಗುತ್ತಿತ್ತು, ಇನ್ನು ಮೇಲೂ ಪರೀಕ್ಷೆ ತಪ್ಪಿಸಬೇಡಿ ಅಂದರು ಡಾಕ್ಟರು. ಗಿರಿಜಮ್ಮ ಮಂಚದ ಪಕ್ಕ ಕೂತು ಬಿಕ್ಕಿದಳು. “ನಾನೇ ನಿನ್ನ ಕೊಂದುಹಾಕ್ತಿದ್ದೆನಲ್ಲೇ,” ಅಂದಳು.

ಈಗ ನನಗೆ ವಯಸ್ಸಾಯಿತು. ಬಣ್ಣ ಒಣಗಿ ತಳ ಕಂಡಿದೆ. ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ ಹಳೇ ಪಿನ್ನುಗಳ ಜೊತೆ ಬಿದ್ದಿದ್ದೇನೆ. ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿದೆ, ಅದರಿಂದಲೇ ಹುಡುಗಿ ಸಾಯುತ್ತಿದ್ದಳು. ನನ್ನನ್ನು ಹಚ್ಚದ ದಿನ ಬದುಕಿಕೊಂಡಳು. ಹಾಗಾದರೆ ನಾನು ಒಳ್ಳೆಯವಳೋ, ಕೆಟ್ಟವಳೋ? ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಈಗ ಹೆಣ್ಣು ನೋಡಲು ಬಂದವರಿಗೆ ಗಿರಿಜಮ್ಮನೇ ಮೊದಲು ಎಲ್ಲವನ್ನೂ ಹೇಳಿಬಿಡುತ್ತಾಳೆ. ಮೂರು ಮನೆಯವರು ಎದ್ದು ಹೋದರು. ಇವತ್ತು ಇನ್ನೊಬ್ಬರು ಬಂದಿದ್ದಾರೆ. ಅವಳು ಹೇಳಿ ಮುಗಿಸಿದ್ದಾಳೆ, ಯಾರೂ ಎದ್ದಿಲ್ಲ. ಮುಂದಿನ ಪರೀಕ್ಷೆ ಯಾವ ತಿಂಗಳು ಎಂದು ಗಂಡಿನ ತಾಯಿ ಕೇಳುತ್ತಿದ್ದಾರೆ.