ಪಡ್ಡಿನ ಹಂಚಿಗೆ ಬಿದ್ದ ನೀಲಿ ಬಣ್ಣ

ನಾನು ನೀಲಿ ಮೇಣದ ಬಣ್ಣದ ಕಡ್ಡಿ. ಕಡ್ಡಿಯಾಗಿದ್ದೆ ಎನ್ನಬೇಕು. ಕಾರ್ಖಾನೆಯಲ್ಲಿ ಬಿಸಿ ಮೇಣವಾಗಿ ಹುಟ್ಟಿ, ಅಚ್ಚಿನಲ್ಲಿ ತಣ್ಣಗಾಗಿ, ಮೈಗೆ ಕಾಗದ ಸುತ್ತಿಸಿಕೊಂಡು ಹುಬ್ಬಳ್ಳಿಯ ಅಂಗಡಿಗೆ ಬಂದೆ. ನೆಟ್ಟನೆ ಮೈ, ಚೂಪು ಮೂಗು. ಜಂಬ ಇತ್ತು, ಸುಳ್ಳೇಕೆ ಹೇಳಲಿ?

ಮೊದಲ ಯಜಮಾನ ಒಬ್ಬ ಪೋರ. ನನ್ನ ಅಂಗಿ ಸುಲಿದ, ಕಚ್ಚಿದ, ತುಂಡು ಮಾಡಿದ. ಹೊಸ ಡಬ್ಬಿ ಬಂದದ್ದೇ ತಡ, ಹಳೇ ಚೂರುಗಳಾದ ನಾವೆಲ್ಲ ಮಂಚದ ಕೆಳಗೆ. ನನ್ನ ಬಣ್ಣ ಮುಗಿದಿರಲಿಲ್ಲ, ಅವನಿಗೆ ಬೇಜಾರಾಗಿತ್ತು, ಅಷ್ಟೇ.

ಅಲ್ಲಿಂದ ನನ್ನನ್ನು ಒಯ್ದವಳು ಕಾಲೇಜು ಹುಡುಗಿ ವಿನುತಾ. ಅವಳೂ ಗೆಳತಿಯರೂ ಮನೆಮನೆ ತಿರುಗಿ ಬಣ್ಣದ ಚೂರು ಕೂಡಿಸಿ, ಕರಗಿಸಿ, ಹೊಸದಾಗಿ ಎರೆದು, ಬಣ್ಣವಿಲ್ಲದ ಮಕ್ಕಳಿಗೆ ಕೊಡುತ್ತಿದ್ದರು. ನೀಲಿಗಳೆಲ್ಲ ಒಟ್ಟಿಗೆ ಕರಗಿದೆವು. ಎರೆಯಲು ಅಚ್ಚೇ ಇಲ್ಲ! ವಿನುತಾ ದುಂಡು ಗುಳಿಗಳ ಪಡ್ಡಿನ ಹಂಚು ತಂದಳು.

"ಏ ಹುಚ್ಚಿ! ನಾಳಿಗೆ ಪಡ್ಡಿನ ಹಿಟ್ಟು ರುಬ್ಬಿಟ್ಟೀನಿ, ಅದರಾಗ ಮ್ಯಾಣ ಹೊಯ್ಯಾಕತ್ತೀಯಲ್ಲ!" ಎಂದು ಅವಳ ತಾಯಿ ಕೂಗಿದರು.

"ದ್ವಾಸಿ ಹೊಯ್ದ್ರಾತು ಬಿಡಬೇ ಯವ್ವಾ."

ತಾಯಿಗಿಂತ ಹೆಚ್ಚು ಸಿಟ್ಟು ನನಗೆ. ನೆಟ್ಟಗಿದ್ದ ನಾನು ಉಬ್ಬು ಬೆನ್ನಿನ ಪಡ್ಡಾಗಿದ್ದೆ!

ಹಾಗೇ ವಿನುತಾಳ ಜೊತೆ ಶಾಲೆಯೊಂದಕ್ಕೆ ಹೋಗಿ ದಾಕ್ಷಿಯ ಮುಂದೆ ಬಿದ್ದೆ. ಎಂಟು ವರ್ಷದ ಹುಡುಗಿ. ಹುಟ್ಟಿನಿಂದ ಅವಳ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ತೆಳ್ಳನೆಯ ಕಡ್ಡಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಜೊತೆಗೆ ಬರುತ್ತಿದ್ದ ಅಜ್ಜಿ ಕೈ ಹಿಡಿದು ಬರೆಸುತ್ತಿದ್ದರು. ಚಿತ್ರವೇನೋ ಚೆಂದ, ಆದರೆ ಅದು ಅಜ್ಜಿಯದು. ತಾನೇ ಒಂದು ಗೆರೆ ಎಳೆಯಬೇಕು ಎಂಬುದು ದಾಕ್ಷಿಯ ಹಟ.

ಮೊದಲು ನನ್ನನ್ನು ಬಾಯಿಗೆ ಹಾಕಿಕೊಂಡಳು.

"ಥೂ! ಪಡ್ಡು ಹಳಸ್ಯಾವ!"

"ತಿನ್ನಾಕಲ್ಲವ್ವ, ಬರಿಯಾಕ," ಎಂದು ವಿನುತಾ ನಗುತ್ತ ನನ್ನನ್ನು ಅವಳ ಅಂಗೈಯಲ್ಲಿಟ್ಟಳು. ಮಡಚಿದ ಬೆರಳುಗಳು ನನ್ನ ಉಬ್ಬು ಬೆನ್ನಿನ ಮೇಲೆ ಬಿಗಿಯಾಗಿ ಕೂತವು. ನಾನು ಜಾರಲಿಲ್ಲ. ಅಜ್ಜಿ ರೂಢಿಯಂತೆ ಕೈ ಚಾಚಿದರು.

"ನೀ ಬಿಡಬೇ ಆಯಿ. ನಾನಽ ಬರಿತೀನಿ."

ಎಳೆದಳು. ಗೆರೆ ಸೊಟ್ಟಗೆ ಹೊರಟು, ಕಾಗದ ದಾಟಿ, ನೆಲಕ್ಕಿಳಿದು, ಅಜ್ಜಿಯ ಸೆರಗಿಗೆ ಬಂತು.

"ಇದೇನಬೇ?"

"ಗೆರಿ."

"ಎಲ್ಲೀತನಕ ಎಳಿತೀ?"

"ನನಗ ಸಾಕಾಗೂತನಕ."

ಅಜ್ಜಿ ಸೆರಗು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅದರಿಂದಲೇ ಕಣ್ಣೊರೆಸಿಕೊಂಡರು.

ಈಗ ನಾನು ಬಟಾಣಿ ಕಾಳಿನಷ್ಟಾಗಿದ್ದೇನೆ, ದಾಕ್ಷಿಯ ಪಾಟಿಚೀಲದ ಮೂಲೆಯಲ್ಲಿದ್ದೇನೆ. ಸವೆಯುವುದೇ ನಮ್ಮ ಜಾತಿಯ ಬಾಳು, ಅದಕ್ಕೆ ಅಳುವುದೇನು? ನಾನು ಮುಗಿಯುತ್ತ ಬಂದೆ. ದಾಕ್ಷಿಗೆ ಮಾತ್ರ ಇನ್ನೂ ಸಾಕಾಗಿಲ್ಲ.