ಎಕ್ಸ್‌ಚೇಂಜಿನ ಹೊಸ ಹೆಸರು

ಹತ್ತಕ್ಕೆ ಇನ್ನು ಐದು ನಿಮಿಷ, ಕಿವಿಯ ಮೇಲಿನ ಹೆಡ್‌ಫೋನು ಆಗಲೇ ಬೆಚ್ಚಗಾಗಿದೆ, ಆಚೆ ಬೇಲಿಯ ಹತ್ತಿರ ಯಾರದೋ ಕುರಿಮರಿ ಒಂದೇ ಸಮನೆ ಅರಚುತ್ತಿದೆ, ಇವರಿದ್ದಿದ್ದರೆ ಇಷ್ಟೊತ್ತಿಗೆ ಅದನ್ನು ಎತ್ತಿಕೊಂಡು ಹೋಗಿ ತಾಯಿಯ ಹತ್ತಿರ ಬಿಡುತ್ತಿದ್ದರು — ಇವರೆಲ್ಲಿ, ದುರ್ಗದ ಆಸ್ಪತ್ರೆಯಲ್ಲಿ, ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ, ಕಣ್ಣು ಬಿಟ್ಟರೋ ಇಲ್ಲವೋ ತಿಳಿಯದು, ಜೊತೆಗೆ ಹೋದ ಅತ್ತೆ ಮುದ್ದಕ್ಕನಿಗೆ ಫೋನು ಮುಟ್ಟಲೂ ಭಯ, ನನ್ನೆದುರಿಗೆ ಮಾತ್ರ ಟೆಲಿಫೋನು ಇಲಾಖೆಯ ಈ ಕಾಗದ: ಜಿಲ್ಲೆಯಲ್ಲಿ ಹೊಸಕೆರೆ ಎಂಬ ಎಕ್ಸ್‌ಚೇಂಜುಗಳು ಎರಡಿದ್ದು ಕರೆಗಳು ತಪ್ಪುತ್ತಿರುವುದರಿಂದ, ಇಂದು ಬೆಳಿಗ್ಗೆ ಹತ್ತರಿಂದ ಇದಕ್ಕೆ ಕಟ್ಟಡವಿರುವ ಹಟ್ಟಿಯ ಹೆಸರು, ಆಪರೇಟರು ಚಿತ್ರದುರ್ಗದ ಬೋರ್ಡಿಗೆ ಬಾಯಿಮಾತಿನಲ್ಲಿ ತಿಳಿಸತಕ್ಕದ್ದು. ಆಪರೇಟರೆಂದರೆ ನಾನೇ, ಬಾಯಿಮಾತಿನಲ್ಲಂತೆ! ಬರೆದ ಮಹಾರಾಯನಿಗೇನು ಗೊತ್ತು, ಹಟ್ಟಿಗೆ ದೇವರ ಹೆಸರು, ಅದೇ ಹೆಸರು ನನ್ನ ಗಂಡನಿಗೂ, ಒಂಬತ್ತು ವರ್ಷದಿಂದ ಊರನ್ನು ನಮ್ಮ ಹಟ್ಟಿ ಎಂದು, ಗಂಡನನ್ನು ಇವರು ಎಂದು ಸಂಸಾರ ತೂಗಿಸಿದವಳು ನಾನು. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳೇ, ಹೇಳಿದ್ರೇನೇ ಒಳಕ್ಕೆ ಬಿಡಾದು ಅಂದಾಗ ನಾನು ಬೆವೆತು ಹೋಗಿದ್ದೆ, ಇವರೇ ನಕ್ಕು, ಬಿಡ್ರವ್ವ, ಅವಳಿಗೆ ಬೇಕಾದಾಗ ಹೇಳ್ತಾಳೆ, ನಂಗೇನು ಅವಸರ ಐತೆ ಅಂದಿದ್ದರು, ಆ ನಗುವಿಗೇ ನಾನು ಸೋತದ್ದು.

ಹೆಂಡ್ತಿ ಹೆಸರು ಹಿಡಿದ್ರೆ ಗಂಡನ ಆಯಸ್ಸು ಕಮ್ಮಿ ಆಗ್ತೈತೆ ಕಣೇ ಗಂಗಿ, ಬಸ್ಸು ಹತ್ತುವಾಗಲೂ ಅತ್ತೆಯ ಅದೇ ಮಾತು, ಹಿರಿಯೂರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ನಾನು, ಬೇರೆ ದಿನವಾಗಿದ್ದರೆ ಮನಸ್ಸಿನಲ್ಲೇ ನಗುತ್ತಿದ್ದೆ, ಇವತ್ತು ನಗಲಾರೆ, ಇವತ್ತು ನಾನೂ ನಂಬುತ್ತೇನೆ, ಇವರು ನನಗೆ ಬೇಕು. ನಿನ್ನೆ ಸಂಜೆ ಆಸ್ಪತ್ರೆಗೆ ಫೋನು ಮಾಡಿದಾಗ ನರ್ಸಮ್ಮ ಹೆಸರು ಹೇಳಮ್ಮ ಅಂದಳು, ನಾನು ಮುದ್ದಕ್ಕನ ಮಗ, ಕುರಿ ಕಾಯೋರು, ಎತ್ತರಕ್ಕೆ ಅವ್ರೆ ಅಂದೆ, ಇಲ್ಲಿ ಎತ್ತರಕ್ಕೆ ಇರೋರು ಬೇಕಾದಷ್ಟು ಜನ ಅವ್ರೆ ತಾಯಿ ಎಂದು ಇಟ್ಟೇಬಿಟ್ಟಳು, ರಾತ್ರಿಯೆಲ್ಲ ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ. ಹತ್ತಾಯಿತು, ಫೋನಿನ ಗಂಟೆ ಬಡಿಯಿತು, ದುರ್ಗದ ಬೋರ್ಡಿನ ಶಾಂತಕ್ಕ, ಐದು ವರ್ಷದಿಂದ ಧ್ವನಿಯಲ್ಲೇ ಗೆಳತಿ, ಏನ್ರೀ ಗಂಗಕ್ಕ, ಬೋರ್ಡ್ ಮೇಲಿನ ಹಳೇ ಹೆಸರಿನ ಚೀಟಿ ಕಿತ್ತಿದೀನಿ, ಹೊಸದು ಹೇಳ್ರಿ, ಬರ್ಕಂತೀನಿ, ಹೆಸರಿಲ್ದೆ ನಿಮ್ಮ ಊರಿಗೆ ಒಂದು ಕಾಲೂ ಕೊಡಂಗಿಲ್ಲ — ಒಂದೂ ಇಲ್ಲ, ಆಸ್ಪತ್ರೆಯಿಂದ ಬಂದರೂ ಇಲ್ಲ, ಹೇಳಿದರೆ ಇವರ ಆಯಸ್ಸು, ಹೇಳದಿದ್ದರೆ ಇವರ ಸುದ್ದಿ, ಹಲೋ, ಹಲೋ ಗಂಗಕ್ಕ, ಇದೀರಾ, ತಪ್ಪಾಯ್ತು ದೇವರೇ, ನಿನ್ನ ಹೆಸರೇ ಅಂದುಕೋ, ಕಾಟಯ್ಯನಹಟ್ಟಿ. ಕೇಳ್ಲಿಲ್ಲ, ಜೋರಾಗಿ ಹೇಳ್ರಿ. ಕಾಟಯ್ಯನಹಟ್ಟಿ! ಇಡೀ ದುರ್ಗದ ಬೋರ್ಡಿಗೆ ಕೇಳಿರಬೇಕು, ಕೇಳಬೇಕಾದವರಿಗೆ ಮಾತ್ರ ಕೇಳಲಿಲ್ಲ, ಅಳು ಬರುತ್ತಿದೆ, ಶಾಂತಕ್ಕ ಕೇಳುತ್ತಾಳೆ, ಯಾಕ್ರೀ, ಏನಾಯ್ತು, ಏನಿಲ್ಲ, ಆಸ್ಪತ್ರೆ ಕೊಡ್ರಿ, ಗಂಡಸರ ವಾರ್ಡು.

ಹಲೋ, ಪೇಷಂಟ್ ಹೆಸರು ಏನಮ್ಮ, ನಿನ್ನೆಯ ನರ್ಸಮ್ಮನೇ, ಕಾಟಯ್ಯ, ಅಂದೇಬಿಟ್ಟೆ, ಹಟ್ಟಿಯದಲ್ಲ, ದೇವರದೂ ಅಲ್ಲ, ನನ್ನ ಕಾಟಯ್ಯ, ಇರಿ ಎಂದು ಫೋನು ಮೇಜಿನ ಮೇಲಿಟ್ಟಳು, ಚಪ್ಪಲಿ ಸದ್ದು ದೂರವಾಗುತ್ತಿದೆ, ಯಾರೋ ಕೆಮ್ಮುತ್ತಿದ್ದಾರೆ, ತಟ್ಟೆ ಬಿದ್ದ ಸದ್ದು, ಕಾಟಯ್ಯ, ಕಾಟಯ್ಯ ಅನ್ನೋರು ಯಾರ್ರೀ, ಉತ್ತರವಿಲ್ಲ, ಅತ್ತೇ, ನೀನು ಹೇಳಿದ್ದೇ ನಿಜವಾಯಿತೇ, ಇನ್ನೂ ಒಳಗಿನಿಂದ ನರ್ಸಮ್ಮನ ಕೂಗು, ರೀ ಕಾಟಯ್ಯ, ನಿಮ್ಮ ಮನೆಯವರು ಫೋನಲ್ಲಿ ನಿಮ್ಮ ಹೆಸರು ಹೇಳ್ತಾವ್ರೆ, ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತೇನೆ, ಆಮೇಲೆ ವಾರ್ಡಿನ ಯಾವುದೋ ಮೂಲೆಯಿಂದ, ಸಣ್ಣಗೆ, ಎಳೆದುಕೊಂಡು, ನಗು ತಡೆಯಲಾರದವರ ಹಾಗೆ, ಇವರದೇ ದನಿ — ಓ.