ಕರೆದರೆ ಓ ಅನ್ನಬೇಕು

ನನ್ನ ಮಗಳಿಗೆ ನಾನು ಕಲಿಸಿದ ಮೊದಲ ಮರ್ಯಾದೆ ಒಂದೇ. ಯಾರಾದರೂ ಹೆಸರು ಹಿಡಿದು ಕರೆದರೆ ಓ ಅನ್ನಬೇಕು. ಕೈಯಲ್ಲಿ ಕೆಲಸವಿರಲಿ, ಬಾಯಲ್ಲಿ ತುತ್ತಿರಲಿ, ಸಿಟ್ಟು ಮೂಗಿನ ತುದಿಯಲ್ಲಿರಲಿ, ಮೊದಲು ಓ, ಉಳಿದದ್ದು ಆಮೇಲೆ. ಸಂಧ್ಯಾರಾಣಿ ಚಿಕ್ಕವಳಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ಅಕ್ಕಿ ಮೂಟೆಯ ಹಿಂದೆ ಅಡಗಿದ್ದರೂ, ನಾನು ಕರೆದ ಕೂಡಲೇ ಓ ಅಂದು ತಾನೇ ಸಿಕ್ಕಿಬೀಳುತ್ತಿದ್ದಳು. ಇಂಥ ದಡ್ಡಿ ಚನ್ನಗಿರಿಯಲ್ಲೇ ಇನ್ನೊಬ್ಬಳಿಲ್ಲ ಎಂದು ಅವಳಪ್ಪ ನಗುತ್ತಿದ್ದರು.

ಆ ದಡ್ಡಿಯೇ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಹೊಡೆದಳು. ಲಕ್ಷಗಟ್ಟಲೆ ಮಕ್ಕಳು ಪರೀಕ್ಷೆ ಬರೆದರೆ ಒಂದು ಮದುವೆ ಛತ್ರದಲ್ಲಿ ಹಿಡಿಸುವಷ್ಟು ಜನರನ್ನು ಮಾತ್ರ ಆರಿಸಿಕೊಳ್ಳುವ ಜಾಗ ಅದು. ನಮ್ಮವರು, ಪಂಚಾಕ್ಷರಪ್ಪ, ಅಡಿಕೆ ಮಂಡಿಗೆ ಬಂದವರಿಗೆಲ್ಲ ಪೇಡ ಹಂಚಿದರು. ನಾನೇನು ಕಡಿಮೆ ಬೀಗಲಿಲ್ಲ. ಬೀದಿಯಲ್ಲಿ ಯಾರಾದರೂ ‘ಏನ್ ನಿರ್ಮಲಮ್ಮ, ಆರಾಮಾ’ ಎಂದರೂ ಸಾಕು, ಮಾತು ಹೇಗೋ ತಿರುಗಿ ಮಗಳ ಸೀಟಿಗೆ ಬಂದು ನಿಲ್ಲುತ್ತಿತ್ತು.

ಎರಡನೇ ವರ್ಷದ ದಸರಾ ರಜೆಯಲ್ಲಿ ಅವಳು ಫೋನ್ ಮಾಡಿ, ‘ಅಮ್ಮ, ನಮ್ಮ ಗುಂಪನ್ನ ಕರ್ಕಂಡು ಬರ್ತೀನಿ, ನಾನೂ ಸೇರಿ ಐದು ಜನ’ ಎಂದಳು. ನಮ್ಮವರು ದಾವಣಗೆರೆ ಸ್ಟೇಷನ್ನಿನಿಂದ ಕಾರಿನಲ್ಲಿ ಕರೆತಂದರು. ಇಳಿದವರು ಆರು ಜನ.

‘ಐದು ಅಂದಿದ್ಲಲ್ಲ,’ ಎಂದು ನಮ್ಮವರು ನನ್ನ ಕಿವಿಯಲ್ಲಿ ಹೇಳಿದರು. ‘ಒಂದು ಹುಡುಗಿ ದಾರಿ ಉದ್ದಕ್ಕೂ ಹಿಂದೆ ಬ್ಯಾಗಿನ ಮಧ್ಯೆ ಕೂತಿತ್ತು ಕಣೇ. ಒಂದು ಮಾತಿಲ್ಲ, ಕಥೆಯಿಲ್ಲ.’

ಪಡಸಾಲೆಯಲ್ಲಿ ಆರು ತಟ್ಟೆ ಇಟ್ಟೆ. ಸಂಧ್ಯಾ ಬಂದವಳೇ ಒಂದನ್ನು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು.

‘ಐದೇ ಸಾಕಮ್ಮ.’

‘ಆರು ಜನ ಇದೀರಲ್ಲೇ.’

‘ಐದು.’

ಆರನೆಯವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಸಣಕಲು ಹುಡುಗಿ, ಬಿಗಿಯಾಗಿ ಎಳೆದು ಕಟ್ಟಿದ ಜಡೆ. ‘ನಿನ್ನ ಹೆಸರೇನವ್ವಾ?’ ಎಂದೆ. ನೆಲ ನೋಡಿದಳು. ಊಟಕ್ಕೆ ಕೂತವರಲ್ಲಿ ಯಾರೂ ತಲೆ ಎತ್ತಲಿಲ್ಲ. ಕಾವ್ಯಶ್ರೀ ಎಂಬ ಹುಡುಗಿಯಂತೂ ‘ಎಣ್ಣೆಗಾಯಿ ಸೂಪರ್ ಆಂಟಿ’ ಎಂದು ರೊಟ್ಟಿ ಮುರಿಯುತ್ತಿದ್ದಳು. ಮೌನವ್ರತವೋ ಏನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಹುಡುಗಿ ತಾನೇ ಒಳಗೆ ಬಂದು, ಕಟ್ಟೆಯ ಮೇಲಿನ ತಟ್ಟೆಗೆ ಬಡಿಸಿಕೊಂಡು, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಂಡಳು. ತಟ್ಟೆಯನ್ನೂ ತೊಳೆದಿಟ್ಟಳು.

ಸಂಧ್ಯಾಳನ್ನು ರಟ್ಟೆ ಹಿಡಿದು ದೇವರ ಮನೆಗೆ ಎಳೆದುಕೊಂಡು ಹೋದೆ.

‘ಅವಳು ನೇತ್ರಾವತಿ, ಜಗಳೂರು ಕಡೆ ಬಿಳಿಚೋಡಿನೋಳು. ಇನ್ನೇನೂ ಕೇಳಬ್ಯಾಡ,’ ಎಂದು ಪಿಸುಗುಟ್ಟಿದಳು. ‘ಅವಳು ಈ ಸಲ ಗೈರು.’

‘ಗೈರು ಅಂದ್ರೆ? ಕಣ್ಣೆದುರಿಗೇ ಕೂತು ಉಂಡಳಲ್ಲೇ.’

‘ನಮ್ಮ ಗುಂಪಿನ ರೂಲ್ಸು ಅಮ್ಮ. ಟೆಸ್ಟಲ್ಲಿ ನಮ್ಮೊಳಗೆ ಯಾರಿಗೆ ಕಡಿಮೆ ಬರ್ತೈತೋ ಅವರು ಮುಂದಿನ ರಿಸಲ್ಟ್ ಬರೋ ತನಕ ಇರಲ್ಲ. ಯಾರೂ ಮಾತಾಡ್ಸಲ್ಲ, ನೋಡಲ್ಲ, ಲೆಕ್ಕಕ್ಕೆ ಹಿಡಿಯಲ್ಲ. ಅವರೂ ಅಷ್ಟೆ, ಯಾರನ್ನೂ ಕರೆಯಂಗಿಲ್ಲ, ಕರೆದ್ರೆ ಓ ಅನ್ನಂಗಿಲ್ಲ.’

‘ಹಂಗಾದ್ರೆ ಆ ಹುಡುಗಿ ಇಲ್ಲಿಗ್ಯಾಕೆ ಬಂತು?’

‘ಗೈರಾಗಿದ್ರೂ ಜೊತೇಲೇ ಇರಬೇಕು. ಇಲ್ಲಾಂದ್ರೆ ಗುಂಪಿಂದಾನೇ ಹೊರಗೆ.’

ನನ್ನ ಮೈ ಉರಿಯಿತು. ‘ನಿಮಗೇನು ಬುದ್ಧಿಗಿದ್ಧಿ ಐತೇನೇ? ಇದನ್ನ ಕಲಿಯಾಕೆ ಅಷ್ಟು ದೂರ ಹೋಗಬೇಕಿತ್ತಾ?’

‘ಎಲ್ಲರೂ ಒಪ್ಕಂಡಿರೋದೇ ಅಮ್ಮ. ಇದರಿಂದಾನೇ ನಾವೆಲ್ಲ ಟಾಪಲ್ಲಿರೋದು. ನಮ್ಮ ಗುಂಪು ಸೇರಾಕೆ ಅರ್ಧ ಹಾಸ್ಟೆಲ್ಲೇ ಕಾಯ್ಕಂಡು ಕೂತೈತೆ.’ ಹೇಳುವಾಗ ಅವಳ ಕಣ್ಣಲ್ಲಿ ಹೆಮ್ಮೆ ಇತ್ತು. ಪೇಡ ಹಂಚಿದ ದಿನ ನನ್ನ ಕಣ್ಣಲ್ಲಿದ್ದ ಹೆಮ್ಮೆಯೇ ಅದು, ಬೇರೆಯಲ್ಲ. ಕಪಾಳಕ್ಕೆ ಎರಡು ಬಿಗಿಯಬೇಕಿತ್ತು. ಮನೆ ತುಂಬ ಬೇರೆಯವರ ಮಕ್ಕಳು ಎಂದು ಕೈ ತಡೆದುಕೊಂಡೆ.

ಮರುದಿನ ಅವರೆಲ್ಲ ನಮ್ಮ ಕಾರಿನಲ್ಲಿ ಸೂರಗೊಂಡನಕೊಪ್ಪದ ದೇವಸ್ಥಾನಕ್ಕೆ ಹೊರಟರು. ಕಾವ್ಯಶ್ರೀ ಮನೆಯವರ ಹರಕೆಯೊಂದಿತ್ತಂತೆ. ಸಂಧ್ಯಾಳೇ ಕಾರು ಓಡಿಸಿದಳು. ನೇತ್ರಾವತಿ ಹಿಂದೆ ತಾನೇ ಬಾಗಿಲು ತೆಗೆದು, ತಾನೇ ಹತ್ತಿ, ತಾನೇ ಹಾಕಿಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಒಳಗಿನಿಂದಲೇ ಕೇಳಿದೆ, ‘ಎಲ್ಲರೂ ಬಂದ್ರೇನೇ?’

‘ಎಲ್ಲರೂ ಬಂದ್ವಿ ಅಮ್ಮ.’

ಕಾಫಿ ತಟ್ಟೆ ಹಿಡಿದು ಪಡಸಾಲೆಗೆ ಬಂದರೆ ಐದು ಜನ. ಹಿತ್ತಲಿಗೆ ಹೋಗಿ ನೋಡಿದೆ, ಇಲ್ಲ. ಕಾರಿನಲ್ಲಿ ಇಣುಕಿದೆ, ಇಲ್ಲ.

‘ಬಿಳಿಚೋಡಿನ ಹುಡುಗಿ ಎಲ್ಲಿ?’

‘ಯಾವ ಹುಡುಗಿ ಆಂಟಿ?’ ಎಂದಳು ಕಾವ್ಯಶ್ರೀ. ನಗುತ್ತಾ ಕೇಳಿದ್ದರೆ ಹುಡುಗಾಟ ಎಂದುಕೊಳ್ಳುತ್ತಿದ್ದೆ. ಅವಳು ನಗಲಿಲ್ಲ.

ಸಂಧ್ಯಾಳ ಮುಂದೆ ಹೋಗಿ ನಿಂತೆ. ‘ಕೊನೇಗೆ ಕಾರು ಎಲ್ಲಿ ನಿಲ್ಸಿದ್ದೆ?’

‘ಹೊನ್ನಾಳಿ ಹೊಳೆ ಹತ್ರ,’ ಎಂದಳು. ‘ಎಲ್ಲರೂ ಹತ್ತಿದ್ರು ಅಮ್ಮ,’ ಎಂದು ಸೇರಿಸಿದಳು.

ಮಳೆ ನಿಂತಿದ್ದರೂ ತುಂಗಭದ್ರೆ ಇನ್ನೂ ಕೆಂಪಗೆ ದಡ ಮುಟ್ಟಿ ಹರಿಯುತ್ತಿದ್ದ ದಿನಗಳು. ಅವಳ ಕೈಯಿಂದ ಫೋನ್ ಕಿತ್ತುಕೊಂಡು ಆ ಹುಡುಗಿಯ ನಂಬರ್ ಹುಡುಕಿ ನನ್ನ ಫೋನಿನಿಂದ ಮಾಡಿದೆ. ಗಂಟೆ ಆಗುತ್ತದೆ, ಎತ್ತುವವರಿಲ್ಲ. ನಮ್ಮವರು ಏನೂ ಕೇಳದೆ ಕಾರಿನ ಕೀ ತೆಗೆದುಕೊಂಡರು.

ಹೊನ್ನಾಳಿಯವರೆಗೂ ನಾನು ನಂಬರ್ ಒತ್ತುತ್ತಲೇ ಇದ್ದೆ. ಯಾವ ಬಾಯಲ್ಲಿ ಬಿಳಿಚೋಡಿನ ತಾಯಿಗೆ ಸುದ್ದಿ ಹೇಳಲಿ ಎಂಬುದೊಂದೇ ತಲೆಯಲ್ಲಿ. ಹೊಳೆಯ ಮೆಟ್ಟಿಲ ಮೇಲೆ ನಿಂತು ಮತ್ತೆ ಒತ್ತಿದೆ. ಕೆಳಗೆ, ನೀರಿನ ಅಂಚಿನಲ್ಲಿ, ಒಂದು ಬೆಳಕು ಹತ್ತಿತು. ಫೋನು ಪಕ್ಕದಲ್ಲಿ ಮಿನುಗುತ್ತಿತ್ತು, ಹುಡುಗಿ ಅದನ್ನು ನೋಡುತ್ತಾ ಕೂತಿದ್ದಳು. ಕಾಲು ಮೊಣಕಾಲಿನ ತನಕ ನೀರಲ್ಲಿ.

‘ನೇತ್ರಾವತೀ!’ ಎಂದು ಕೂಗಿದೆ. ಹೆಗಲು ಅಲುಗಿತು. ಓ ಅನ್ನಲಿಲ್ಲ. ಇಳಿದು ಹೋಗಿ ಎರಡೂ ಕೈಯಲ್ಲಿ ಎಳೆದುಕೊಂಡೆ. ಅವಳ ಕಾಲು ಮರಗಟ್ಟಿ ಹೋಗಿತ್ತು.

ಕಾರು ಊರು ದಾಟಿದ ಮೇಲೆ ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಮಾತು ಬಂತು.

‘ಬೈಬ್ಯಾಡ್ರಿ ಅಮ್ಮಾ ಅವರಿಗೆ. ನಾನು ಮುಖ ತೊಳೆಯಾಕೆ ಹೋಗಿದ್ದೆ. ಬರೋದ್ರೊಳಗೆ ಕಾರು ಹೊಂಟಿತ್ತು.’

‘ಬಸ್ಸಿರಲಿಲ್ವೇನವ್ವಾ?’

‘ಇತ್ತಮ್ಮಾ. ಹತ್ತಾಕೇ ಹೊಂಟಿದ್ದೆ. ಆಮೇಲೆ, ಹೋದ್ರೂ ಯಾರಿಗೂ ಗೊತ್ತಾಗಲ್ಲ, ಹೋಗದಿದ್ರೂ ಗೊತ್ತಾಗಲ್ಲ ಅನ್ನಿಸ್ತು. ಕೂತ್ಕಂಡೆ.’

ಸ್ಟೇರಿಂಗ್ ಹಿಡಿದಿದ್ದ ನಮ್ಮವರು ‘ಶಿವ ಶಿವ’ ಎಂದರು.

‘ಬಿಟ್ಟಾಕು ತಾಯಿ ಅಂಥಾ ಸಹವಾಸಾನ,’ ಎಂದೆ.

‘ಬಿಟ್ರೆ ಅಲ್ಲಿ ನನಗೆ ಯಾರೈದಾರಮ್ಮಾ? ನಮ್ಮೂರಲ್ಲಿ ನಾನೊಬ್ಬಳೇ ಫಸ್ಟು. ಅಲ್ಲಿ ಎಲ್ಲರೂ ಅವರವರ ಊರಿಗೆ ಫಸ್ಟು ಬಂದೋರೇ. ಒಬ್ಬಳೇ ಇದ್ರೆ ತಲೆ ಕೆಡ್ತೈತೆ.’ ಕಿಟಕಿಯ ಕಡೆ ತಿರುಗಿದಳು. ‘ಮೊದಲು ನಾವು ಏಳು ಜನ ಇದ್ವಿ.’

ಆಗ ನೆನಪಾಯಿತು. ಮೊದಲ ವರ್ಷ ಸಂಧ್ಯಾ ಫೋನ್ ಮಾಡಿದರೆ ಸಾಕು, ಪೂಜಾ ಹಿಂಗಂದ್ಲು, ಪೂಜಾ ಹಂಗಂದ್ಲು. ನ್ಯಾಮತಿ ಕಡೆ ಗೋವಿನಕೋವಿಯ ಹುಡುಗಿ, ನಮ್ಮ ಕಡೆಯವಳೇ ಸಿಕ್ಕಳಲ್ಲ ಎಂದು ನನಗೂ ಖುಷಿಯಾಗಿತ್ತು. ಆಮೇಲೆ ಆ ಹೆಸರೇ ನಿಂತುಹೋಗಿತ್ತು. ಹುಡುಗಿಯರ ಜಗಳ, ಇದ್ದದ್ದೇ ಎಂದು ನಾನೂ ಸುಮ್ಮನಾಗಿದ್ದೆ.

‘ಪೂಜಾ ಏನಾದ್ಲು?’

ಆ ಹೆಸರಿಗೆ ನೇತ್ರಾವತಿ ಬೆಚ್ಚಿದಳು. ಕಾರಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂಬಂತೆ ಹಿಂದೆ ತಿರುಗಿ ನೋಡಿದಳು.

‘ಮೇಲಿಂದ ಮೇಲೆ ಅವಳಿಗೇ ಕಡಿಮೆ ಬಂತು. ಒಂದಿನ ಬ್ಯಾಗ್ ತಗಂಡು ಊರಿಗೆ ಹೋದ್ಲು. ಈಗ ಮನೇಲೇ ಐದಾಳಂತೆ. ಅವರವ್ವ ಕರೆದ್ರೂ ಓ ಅನ್ನಲ್ವಂತೆ. ಎಲ್ಲರೂ ಉಂಡು ಎದ್ದ ಮ್ಯಾಲೆ ತಾನೇ ಬಡಿಸ್ಕಂಡು ಹಿತ್ಲಾಗೆ ಕೂತು ಉಣ್ತಾಳಂತೆ.’ ‘ಆಟ ಮುಗೀತು ಅಂತ ಅವಳಿಗೆ ಯಾರೂ ಹೇಳಿಲ್ಲಮ್ಮಾ. ಹೇಳಬೇಕು ಅಂದ್ರೆ ಅವಳನ್ನ ಮಾತಾಡಿಸ್ಬೇಕಲ್ಲ.’

ಮನೆಗೆ ಬಂದು ನೇತ್ರಾವತಿಯನ್ನು ಎಲ್ಲರ ನಡುವೆ ಕೂರಿಸಿ ನಾನೇ ಅನ್ನ ಕಲಸಿ ತುತ್ತು ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಸುತ್ತ ಕೂತವರು ಫೋನ್ ನೋಡುತ್ತಿದ್ದರು. ನನ್ನ ಕೈಯಲ್ಲಿದ್ದ ತುತ್ತು ಆರಿಹೋಯಿತು.

ಸಂಧ್ಯಾಳಿಗೆ ಬಾಯಿಗೆ ಬಂದಂತೆ ಬೈದೆ. ಹೊಳೆ ಪಾಲಾಗಿದ್ದರೆ ಏನು ಮಾಡುತ್ತಿದ್ದೆ ಎಂದೆ. ಗೋವಿನಕೋವಿಯ ಪೂಜಾ ಹೇಗಿದ್ದಾಳೆ ಗೊತ್ತಾ ಎಂದೆ.

‘ಯಾವ ಪೂಜಾ?’ ಎಂದಳು ನನ್ನ ಮಗಳು. ಆಮೇಲೆ, ‘ನಾಳೆ ಬೆಳಗ್ಗೆ ರಿಸಲ್ಟ್ ಬರ್ತೈತೆ ಬಿಡಮ್ಮ. ಇವಳು ವಾಪಸ್ ಬರ್ತಾಳೆ.’

‘ಆಗ ಹೋಗೋರು ಯಾರು?’

ಅವಳು ಕೈಬೆರಳಿನ ಉಗುರು ಕಚ್ಚುತ್ತಿದ್ದಳು. ಮೂರನೇ ಕ್ಲಾಸಿಗೇ ಬಿಡಿಸಿದ್ದ ಚಟ ಅದು.

ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಪಡಸಾಲೆಯಲ್ಲಿ ಎಲ್ಲರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಆಮೇಲೆ ಕಿರುಚಾಟ, ನಗು, ‘ನೇತ್ರಾ! ನೇತ್ರಾ!’ ಎಂಬ ಕೂಗು. ಹೋಗಿ ನೋಡಿದರೆ ಕಾವ್ಯಶ್ರೀ ಅವಳನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ಊರಿಂದ ಈಗ ಇಳಿದು ಬಂದ ಗೆಳತಿಯನ್ನು ಕೇಳುವಂತೆ ‘ಹೆಂಗಿದೀಯೇ?’ ಎಂದು ಕೇಳುತ್ತಿದ್ದರು. ನೇತ್ರಾವತಿ ಅಳುತ್ತಾ ನಗುತ್ತಿದ್ದಳು.

ಸಂಧ್ಯಾ ಗೋಡೆಗೆ ಒರಗಿ ಕೂತಿದ್ದಳು. ಅವಳ ಫೋನು ನೆಲದ ಮೇಲೆ ಮಗುಚಿ ಬಿದ್ದಿತ್ತು.

ನಾನು ಆರು ತಟ್ಟೆ ತಂದಿಟ್ಟೆ. ಒಂದು ಕೈ ಬಂದು ನನ್ನ ಮಗಳ ಮುಂದಿನ ತಟ್ಟೆಯನ್ನು ಎತ್ತಿತು. ರಾತ್ರಿ ಹೊಳೆಯ ನೀರಿನಿಂದ ನಾನು ಹಿಡಿದೆಳೆದಿದ್ದ ಕೈ.

‘ಐದು ಸಾಕು ಆಂಟಿ,’ ಎಂದಳು ನೇತ್ರಾವತಿ. ರಾತ್ರಿ ಅಮ್ಮಾ ಅಂದಿದ್ದಳು.

‘ಇಡೇ ತಟ್ಟೆ!’ ಎಂದು ಗದರಿದೆ. ‘ಇದು ನನ್ನ ಮನೆ. ಅವಳು ನನ್ನ ಮಗಳು. ಸಂಧ್ಯಾ, ಏಳೇ ಮೇಲೆ. ಸಂಧ್ಯಾ!’

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮಗಳು ಓ ಅನ್ನಲಿಲ್ಲ. ಎದ್ದು ಒಳಗೆ ಹೋದಳು. ನಾನು ಆ ಐವರಿಗೂ ಮಂಗಳಾರತಿ ಮಾಡಿದೆ. ಅವರು ತಲೆ ತಗ್ಗಿಸಿ, ಬಲು ವಿನಯದಿಂದ ಕೇಳಿಸಿಕೊಂಡರು. ಆಮೇಲೆ ಬ್ಯಾಗು ಕಟ್ಟಿಕೊಂಡರು.

ನಮ್ಮವರು ಕಾರಿನ ಬಾಗಿಲು ತೆಗೆದು ನಿಂತಿದ್ದರು. ‘ಎಲ್ಲರೂ ಬಂದ್ರೇನಮ್ಮಾ?’

‘ಎಲ್ಲರೂ ಬಂದ್ವಿ ಅಂಕಲ್.’

ನಾನು ಹಿಂದೆ ತಿರುಗಿದೆ. ಕಾರಿನಲ್ಲಿ ಅಪ್ಪ ಕರೆದಾರು ಎಂದೋ ಏನೋ, ಸಂಧ್ಯಾ ಬ್ಯಾಗು ಹೆಗಲಿಗೇರಿಸಿಕೊಂಡು ಆಗಲೇ ಬೀದಿಯ ತುದಿ ತಲುಪಿದ್ದಳು. ‘ನೀವು ಇವರನ್ನ ಸ್ಟೇಷನ್ನಿಗೆ ಎಸೆದು ಬನ್ನಿ, ನಾನು ಇವಳ ಜೊತೆ ಬರ್ತೀನಿ,’ ಎಂದು ನಮ್ಮವರಿಗೆ ಕೂಗಿ ಹೇಳಿ, ಉಟ್ಟ ಸೀರೆಯಲ್ಲೇ ಓಡಿದೆ. ದಾರಿಯುದ್ದಕ್ಕೂ ಕರೆದೆ. ಅಂಗಡಿಯವರು, ನಲ್ಲಿಯ ಹತ್ತಿರದ ಹೆಂಗಸರು, ಎಲ್ಲರೂ ತಿರುಗಿ ನೋಡಿದರು. ಅವಳೊಬ್ಬಳು ನೋಡಲಿಲ್ಲ.

ದಾವಣಗೆರೆ ಬಸ್ಸು ಹೊರಡುವುದರಲ್ಲಿತ್ತು. ಅವಳು ಕಿಟಕಿಯ ಪಕ್ಕ ಕೂತಳು, ನಾನು ಏದುಸಿರು ಬಿಡುತ್ತಾ ಅವಳ ಪಕ್ಕ. ಕೈ ಹಿಡಿದುಕೊಂಡೆ. ತಣ್ಣಗಿತ್ತು. ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

‘ಎಲ್ಲಿಗಮ್ಮಾ?’ ಎಂದು ಕಂಡಕ್ಟರ್ ಅವಳನ್ನೇ ಕೇಳಿದ. ಎರಡು ಸಲ ಕೇಳಿದ. ಅವಳು ಹೊರಗೆ ನೋಡುತ್ತಿದ್ದಳು.

‘ದಾವಣಗೆರೆ, ಇಬ್ರಿಗೂ,’ ಎಂದೆ ನಾನು.

ಅವನು ದನಿ ತಗ್ಗಿಸಿದ. ‘ಮಗಳಿಗೆ ಮಾತು ಬರಲ್ವೇನಮ್ಮಾ?’

‘ಬರ್ತೈತಪ್ಪಾ,’ ಎಂದೆ. ‘ಚೆನ್ನಾಗಿ ಬರ್ತೈತೆ.’

ಊರು ದಾಟಿದ ಮೇಲೆ ಅವಳ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಅಕ್ಕಿ ಮೂಟೆಯ ಮುಂದೆ ನಿಂತು ಕರೆಯುತ್ತಿದ್ದ ಹಾಗೆ, ಮೆಲ್ಲಗೆ, ‘ಸಂಧ್ಯಾ’ ಎಂದೆ. ಅವಳ ಕಣ್ಣು ತುಂಬಿದವು. ಇನ್ನೊಮ್ಮೆ ಕರೆದೆ. ಅವಳ ತುಟಿ ದುಂಡಗಾಯಿತು. ಓ ಅನ್ನುವಾಗ ಚಿಕ್ಕಂದಿನಿಂದ ಹೇಗಾಗುತ್ತಿತ್ತೋ ಹಾಗೆಯೇ.

ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ನಮ್ಮ ಕಾರು ಬಸ್ಸನ್ನು ದಾಟಿ ಮುಂದೆ ಹೋಯಿತು. ಗಾಜಿನೊಳಗೆ ಹುಡುಗಿಯರ ಐದು ತಲೆಗಳು. ಒಂದೂ ಈ ಕಡೆ ತಿರುಗಲಿಲ್ಲ.

ಸಂಧ್ಯಾ ಬಾಯಿ ಮುಚ್ಚಿಕೊಂಡಳು. ನಾನು ಮತ್ತೆ ಕರೆದೆ.